ಮೊದಲು ಆ ಬ್ಲಾಕ್ ಹುಡುಕಿ ಕೊಡಲಿ

ಮಾನ್ಯ ಸಂಪಾದಕರೇ,

ಸ್ತನ ಕ್ಯಾನ್ಸರ್ ಜಾಗೃತಿ ಜಾಥಾದ ವರದಿಯನ್ನೂ, ‘ಎಲ್ಲ ಪರೀಕ್ಷೆಗಳೂ ರಾಯಚೂರಿನಲ್ಲೇ ಲಭ್ಯ’ ಎಂಬ ಅಧಿಕಾರಿಗಳ ಹೇಳಿಕೆಯನ್ನೂ ನಿಮ್ಮ ನಿನ್ನೆಯ ಸಂಚಿಕೆಯಲ್ಲಿ ಓದಿದೆ. ಓದಿದ್ದು ಇಲ್ಲಿಯ ಆಸ್ಪತ್ರೆಯೊಂದರ ಪ್ರಯೋಗಾಲಯದ ಕಿಟಕಿಯ ಮುಂದೆ ನಿಂತುಕೊಂಡು. ಕುಳಿತುಕೊಳ್ಳಲು ಅಲ್ಲಿ ಬೆಂಚಿಲ್ಲ.

ನಮ್ಮ ಅತ್ತಿಗೆಯ ಸ್ತನದ ಗಡ್ಡೆಯ ವರದಿಯಲ್ಲಿ ಹಾರ್ಮೋನು ಹಿಡಿಯುವ ಪ್ರೋಟೀನ್‌ಗಳಾದ ಇಆರ್, ಪಿಆರ್ ಎರಡೂ ನೆಗೆಟಿವ್, ಗಡ್ಡೆಯ ಬೆಳವಣಿಗೆಗೆ ಕುಮ್ಮಕ್ಕು ಕೊಡುವ ಹರ್-2 ಪ್ರೋಟೀನ್ ಮಾತ್ರ ‘ಎರಡು ಪ್ಲಸ್’ ಎಂದಿದೆ. ಸೊನ್ನೆ ಅಥವಾ ಒಂದು ಪ್ಲಸ್ ಬಂದರೆ ನೆಗೆಟಿವ್, ಮೂರು ಬಂದರೆ ಪಾಸಿಟಿವ್, ಎರಡು ಬಂದರೆ ಹರ್-2 ಜೀನ್ ಹೆಚ್ಚಿದೆಯೇ ಎಂದು ಎಣಿಸಿ ನೋಡುವ ಫಿಶ್ ಪರೀಕ್ಷೆ ಮಾಡಿಸದೆ ಏನೂ ಹೇಳಲಾಗದು. ಈ ಪ್ರೋಟೀನ್ ಅತಿಯಾಗಿರುವ ಗಡ್ಡೆ ಬೇಗ ಹರಡುವಂಥದ್ದಾದರೂ ಅದಕ್ಕೆ ಟ್ರಾಸ್ಟುಜುಮ್ಯಾಬ್ ಎಂಬ ಚುಚ್ಚುಮದ್ದು ನಾಟುತ್ತದೆ. ಹರ್-2 ಕೂಡ ನೆಗೆಟಿವ್ ಆದರೆ ಆ ಗಡ್ಡೆ ‘ಟ್ರಿಪಲ್ ನೆಗೆಟಿವ್’, ಆಗ ಆ ಚುಚ್ಚುಮದ್ದೂ ಹಾರ್ಮೋನನ್ನು ತಡೆಯುವ ಟ್ಯಾಮೋಕ್ಸಿಫೆನ್ ಮಾತ್ರೆಯೂ ಕೆಲಸಕ್ಕೆ ಬಾರದೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಜೀವಕೋಶಗಳು ಎಷ್ಟು ವೇಗವಾಗಿ ಒಡೆಯುತ್ತಿವೆ ಎಂದು ತಿಳಿಸುವ ಕೆಐ-67ರ ಮುಂದೆ ಅಂಕಿಯೇ ಇಲ್ಲ, ಒಂದು ಗೆರೆ ಎಳೆದಿದ್ದಾರೆ. ಗೆರೆ ನೇರವಾಗಿದೆ, ಅದಕ್ಕೆ ಅಭಿನಂದನೆ.

ಫಿಶ್ ಪರೀಕ್ಷೆಗೆ ಗಡ್ಡೆಯ ತುಣುಕನ್ನು ಮೇಣದಲ್ಲಿ ಕೂರಿಸಿಟ್ಟ ಬ್ಲಾಕ್ ಬೇಕು. ಅದನ್ನು ಕೇಳಿದರೆ ಕಪಾಟಿನ ಬೀಗದ ಕೈ ಇಟ್ಟುಕೊಂಡವರು ರಜೆಯಲ್ಲಿದ್ದಾರೆ, ಅರ್ಜಿ ಬರೆಯಿರಿ, ಆಧಾರ್ ಜೆರಾಕ್ಸ್ ತನ್ನಿ ಎಂದರು. ಎಲ್ಲವನ್ನೂ ಕೊಟ್ಟ ಮೇಲೆ ಬ್ಲಾಕ್ ಸಿಗುತ್ತಿಲ್ಲ, ಬೇಕಾದರೆ ರೋಗಿಯನ್ನೇ ಕರೆತಂದು ಮತ್ತೊಮ್ಮೆ ಸೂಜಿ ಹಾಕಿಸಿ ಎಂದರು. ಮಾನ್ವಿ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರಬೇಕಾದ, ಹೊಲಿಗೆ ಇನ್ನೂ ಮಾಗದ ಹೆಂಗಸಿಗೆ ಈ ಮಾತನ್ನು ನಾನು ಯಾವ ಬಾಯಿಂದ ಹೇಳಲಿ?

ಇದು ಇಂದಿನ ಕಥೆಯಲ್ಲ. ಹೋದ ವರ್ಷ ನೆರೆಮನೆಯವರ ಗಡ್ಡೆಯನ್ನು, ಅದು ಕೆಡದಂತೆ ಕಾಯುವ ಫಾರ್ಮಲಿನ್ ದ್ರಾವಣ ಇಲ್ಲವೆಂದು, ಬರೀ ಸಲೈನಿನಲ್ಲಿ ಹಾಕಿ ಕೈಗೆ ಕೊಟ್ಟಿದ್ದರು. ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಸೇರಿಸಿ, 6ರಿಂದ 72 ಗಂಟೆ ಅದರಲ್ಲಿಡದಿದ್ದರೆ ಈ ಪ್ರೋಟೀನ್‌ಗಳ ಫಲಿತಾಂಶವನ್ನೇ ನಂಬುವಂತಿಲ್ಲ ಎಂಬುದು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲವೇ? ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371 ಜೆ ವಿಧಿ ಬಂದು ದಶಕ ಕಳೆಯಿತು, ಈ ಭಾಗದ ಅಭಿವೃದ್ಧಿ ಮಂಡಳಿಗೆ ಕೋಟಿಗಳು ಬರುತ್ತವೆ, ಏಮ್ಸ್ ಬೇಕೆಂದು 2022ರಲ್ಲಿ ಇಲ್ಲಿ ಧರಣಿ ಕುಳಿತವರನ್ನು ಸಾಹೇಬರುಗಳು ಕಾರಿನ ಗಾಜು ಏರಿಸಿಕೊಂಡೇ ದಾಟಿ ಹೋದರು. 2019ರಲ್ಲಿ ನಮ್ಮನ್ನು ಕಲ್ಯಾಣ ಕರ್ನಾಟಕ ಎಂದು ಕರೆದರು. ಕ್ಯಾನ್ಸರ್ ಬಂದವರು ಹೈದರಾಬಾದಿಗೆ ಹೋಗುವುದು ಮಾತ್ರ ತಪ್ಪಲಿಲ್ಲ.

ಸಂಬಂಧಪಟ್ಟವರು ಕೂಡಲೇ ಬ್ಲಾಕ್ ಹುಡುಕಿಸಿ ಕೊಡಲಿ, ಫಿಶ್ ಪರೀಕ್ಷೆಯನ್ನೂ ಇಲ್ಲಿಯೇ ತರಲಿ; ಎರಡೂ ಆಗದಿದ್ದರೆ ಎಲ್ಲವೂ ಇದೆ ಎಂದು ಪತ್ರಿಕೆಗಳಿಗೆ ಹೇಳುವುದನ್ನಾದರೂ ನಿಲ್ಲಿಸಲಿ. ಗುಲಾಬಿ ರಿಬ್ಬನ್ ಕಟ್ಟಿಕೊಂಡು ಫೋಟೊಕ್ಕೆ ನಿಲ್ಲಲು ಇವರಿಗೆ ನಾಚಿಕೆಯಾಗಬೇಕು.

– ನೊಂದ ಓದುಗ, ರಾಯಚೂರು