ಗಾಂಜಾ ಹಿಡಿದರೆ ಸಾಲದು

ಮಾನ್ಯರೇ,

ಮಂಗಳೂರಿನಲ್ಲಿ ಗಾಂಜಾ ಸಿಕ್ಕಿಬಿದ್ದಾಗೆಲ್ಲ ಎಷ್ಟು ಕೆಜಿ ಅಂತ ಓದುತ್ತೇವೆ, ಸೇದುತ್ತಿದ್ದ ಹುಡುಗನ ಗತಿ ಏನಾಯಿತು ಅಂತ ಯಾರೂ ಕೇಳುವುದಿಲ್ಲ. ನನ್ನ ಅಕ್ಕನ ಮಗ ಬಿಟ್ಟ ಮೊದಲ ವಾರ ರಾತ್ರಿಯಿಡೀ ನಿದ್ದೆಯಿಲ್ಲ, ಬೆವರು, ಗಂಜಿ ಮುಂದಿಟ್ಟರೆ ಬಟ್ಟಲು ದೂರ ತಳ್ಳುತ್ತಿದ್ದ, ಸುಮ್ನೆ ಸುಮ್ನೆ ಸಿಟ್ಟು. ಗಾಂಜಾದಿಂದ ಚಟ ಹತ್ತುವುದಿಲ್ಲ ಅನ್ನುವವರು ಅದನ್ನು ನೋಡಬೇಕಿತ್ತು. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಸುಮಾರು 6ರಲ್ಲಿ ಒಬ್ಬರು ಅದಕ್ಕೆ ಅಂಟಿಕೊಳ್ಳುತ್ತಾರೆ. ಹೆತ್ತವರು ಕೇಸಿಗೆ, ಮರ್ಯಾದೆಗೆ ಹೆದರಿ ಮುಚ್ಚಿಡುತ್ತಾರೆ. ಆದರೆ ಸಣ್ಣ ಪ್ರಮಾಣದ ಪ್ರಕರಣದಲ್ಲಿ ತಾನಾಗಿಯೇ ಬಂದು ಪೂರ್ತಿ ಚಿಕಿತ್ಸೆ ಪಡೆಯುವ ವ್ಯಸನಿಗೆ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಇದನ್ನೂ 14446 ವ್ಯಸನಮುಕ್ತಿ ಸಹಾಯವಾಣಿಯನ್ನೂ ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಾಕಿಸಿ.

– ಓದುಗ, ಬಲ್ಮಠ, ಮಂಗಳೂರು