ಪೌತಿ ಖಾತೆ ಎಂದರೆ ಪಾಲಲ್ಲ

ಮಾನ್ಯ ಸಂಪಾದಕರೇ,

ಅಪ್ಪ ತೀರಿಕೊಂಡು ಹತ್ತಿಪ್ಪತ್ತು ವರ್ಷ ಕಳೆದರೂ ಪಹಣಿ ಅವರ ಹೆಸರಲ್ಲೇ ಇರುವ ತೋಟ, ಗದ್ದೆ ಮಲೆನಾಡಿನ ಊರೂರಲ್ಲಿ ಇವೆ. ಕೆಲವೆಡೆ ಅಜ್ಜನ ಹೆಸರೇ ನಡೆಯುತ್ತಿದೆ. ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವ ಇ-ಪೌತಿ ಆಂದೋಲನದಲ್ಲಿ ಗ್ರಾಮ ಆಡಳಿತ ಅಧಿಕಾರಿಗಳೇ ಮನೆ ಬಾಗಿಲಿಗೆ ಬಂದರೂ ಎಷ್ಟೋ ಮನೆಗಳಲ್ಲಿ ಅರ್ಜಿಗೆ ಸಹಿ ಬೀಳುವುದಿಲ್ಲ. ಅಕ್ಕ-ತಂಗಿಯರ ಹೆಸರು ಪಹಣಿಗೆ ಬಂದರೆ ತೋಟ ಹೋಯಿತೆಂದು ಗಂಡುಮಕ್ಕಳು ಹೆದರುತ್ತಾರೆ. ಹೆಸರು ಬಂದರೆ ಪಾಲು ಸಿಕ್ಕಿತೆಂದು ಹೆಣ್ಣುಮಕ್ಕಳು ನಂಬುತ್ತಾರೆ. ಎರಡೂ ತಪ್ಪು. ಒಡಹುಟ್ಟಿದವರ ಜಗಳ ಬಹುಪಾಲು ಇಲ್ಲಿಂದಲೇ ಶುರುವಾಗುವುದರಿಂದ ಈ ಪತ್ರ.

ಪೌತಿ ಖಾತೆಯಲ್ಲಿ ಆಗುವುದು ಇಷ್ಟೇ: ಸತ್ತವರ ಹೆಸರು ಹೋಗಿ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಬರುತ್ತದೆ. 1964ರ ಭೂ ಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ ಹಕ್ಕು ಬಂದ ಮೂರು ತಿಂಗಳೊಳಗೆ ಇದನ್ನು ವರದಿ ಮಾಡಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಮುಗಿಯಿತು. ಈ ನಮೂದು ಯಾರಿಗೂ ಹೊಸ ಹಕ್ಕು ಕೊಡುವುದಿಲ್ಲ, ಇದ್ದ ಹಕ್ಕನ್ನು ಕಸಿಯುವುದೂ ಇಲ್ಲ. ಆದರೆ ಮಾಡಿಸದಿದ್ದರೆ ನಷ್ಟ ಖಂಡಿತ. ಸತ್ತವರ ಹೆಸರಿನ ಪಹಣಿ ಇಟ್ಟುಕೊಂಡು ಸೊಸೈಟಿಯಲ್ಲಿ ಬೆಳೆಸಾಲ ನವೀಕರಣವಾಗುವುದಿಲ್ಲ, ರೈತರ ನೋಂದಣಿಯ ಫ್ರೂಟ್ಸ್ ಐಡಿಗೆ ಸರ್ವೆ ನಂಬರ್ ಸೇರುವುದಿಲ್ಲ, ಅಡಕೆ-ಮೆಣಸಿನ ಬೆಳೆ ವಿಮೆಯ ಹಣ ಖಾತೆಗೆ ಬೀಳುವುದಿಲ್ಲ.

ಮೊದಲ ಎಡವಟ್ಟು ವಂಶವೃಕ್ಷದಲ್ಲೇ ಆಗುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಡುವುದು, ಅಪ್ಪನಿಗಿಂತ ಮೊದಲೇ ತೀರಿಕೊಂಡ ಅಣ್ಣನ ಹೆಂಡತಿ-ಮಕ್ಕಳನ್ನು ಬಿಡುವುದು ಇವತ್ತಿಗೂ ನಿಂತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಮರೆಯುವುದು ತಾಯಿಯನ್ನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಧವೆಯೂ ಮಕ್ಕಳಷ್ಟೇ ಸಮಾನ ವಾರಸುದಾರಳು. ಅಪ್ಪನ ಸ್ವಯಾರ್ಜಿತ ನಾಲ್ಕು ಎಕರೆ ಇದ್ದು ಉಯಿಲು ಇಲ್ಲ ಎನ್ನಿ. ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳಿದ್ದರೆ ಹಿಸ್ಸೆ ಐದು. ನಾಲ್ಕು ಎಕರೆ ಅಂದರೆ 160 ಗುಂಟೆ, ತಲಾ 32 ಗುಂಟೆ. ತೀರಿಕೊಂಡ ಅಣ್ಣನ ಸಂಸಾರವಿದ್ದರೆ ಅವರೆಲ್ಲರಿಗೂ ಸೇರಿ ಒಂದು ಹಿಸ್ಸೆ. ಆ ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲನ್ನು ಬಿಟ್ಟುಕೊಡಲು ತಾಯಿಯ ಸಹಿ ಸಾಲದು, ನ್ಯಾಯಾಲಯದ ಅನುಮತಿ ಬೇಕು. ಅನುಮತಿ ಇಲ್ಲದೆ ಬರೆಸಿಕೊಂಡ ಪತ್ರವನ್ನು ಆ ಮಕ್ಕಳು ದೊಡ್ಡವರಾದ ಮೇಲೆ ಪ್ರಶ್ನಿಸಬಹುದು.

ಪಿತ್ರಾರ್ಜಿತದ ಲೆಕ್ಕ ಬೇರೆ. 2005ರ ಸೆಪ್ಟೆಂಬರ್ 9ರಿಂದ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. ಆ ದಿನ ತಂದೆ ಬದುಕಿರಲೇಬೇಕು ಎಂದಿಲ್ಲವೆಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲಾಗಿದ್ದರೆ ಅದಕ್ಕೆ ಧಕ್ಕೆಯಿಲ್ಲ. ಆದರೆ ನೋಂದಾಯಿತ ಪಾಲುಪತ್ರವೋ ಕೋರ್ಟಿನ ಡಿಕ್ರಿಯೋ ಇರಬೇಕು. "ಪಂಚರ ಮುಂದೆ ಬಾಯಿಮಾತಲ್ಲೇ ಪಾಲಾಗಿತ್ತು" ಎಂಬ ವಾದ ಗಟ್ಟಿ ಸರ್ಕಾರಿ ದಾಖಲೆಯ ಬೆಂಬಲವಿಲ್ಲದೆ ನಿಲ್ಲುವುದು ಕಷ್ಟ. ಮದುವೆಗೆ ಖರ್ಚು ಮಾಡಿದ್ದೇವೆ, ಬಂಗಾರ ಹಾಕಿದ್ದೇವೆ ಎಂಬ ಮಾತಿನಿಂದಲೂ ಹಕ್ಕು ಹೋಗುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ 20 ರೂಪಾಯಿ ಛಾಪಾ ಕಾಗದ, ಅದರ ಮೇಲೆ ತಂಗಿಯ ಸಹಿ, "ನನ್ನ ತಕರಾರು ಇಲ್ಲ" ಎಂಬ ಎರಡು ಸಾಲು ಎಷ್ಟು ಮನೆಗಳಲ್ಲಿಲ್ಲ! ಸ್ಥಿರಾಸ್ತಿಯ ಹಕ್ಕು ಬಿಡಲು ಅದು ಸಾಲದು. ಅಕ್ಕ-ತಂಗಿ ಮನಸ್ಸಾರೆ ಬಿಡುವುದಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಖುಲಾಸೆ ಪತ್ರ ನೋಂದಣಿಯಾಗಬೇಕು, ಯಾವ ಸರ್ವೆ ನಂಬರ್, ಎಷ್ಟು ಹಿಸ್ಸೆ, ಯಾರ ಪರವಾಗಿ ಎಂದು ಅದರಲ್ಲಿ ಬಿಡಿಸಿ ಬರೆದಿರಬೇಕು.

ಶಿವಮೊಗ್ಗ ಜಿಲ್ಲೆಗೆ ಇನ್ನೊಂದು ಗಂಟು ಇದೆ. ಗೇಣಿದಾರರ ಕಾಗೋಡು ಹೋರಾಟದ ನೆಲವಿದು. ಭೂ ಸುಧಾರಣಾ ಕಾಯ್ದೆಯ 1974ರ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಯಲ್ಲಿ ಗೇಣಿದಾರರಿಗೆ ಬಂದ ಜಮೀನು ಇಲ್ಲಿ ಧಾರಾಳವಾಗಿದೆ. ಅಧಿಭೋಗದ ಹಕ್ಕು ಕೇಳುವ ಅರ್ಜಿ, ಅಂದರೆ ನಮೂನೆ 7 ತುಂಬಿದ್ದು ಹಿರಿಯಣ್ಣ, ಹಕ್ಕು ಸಿಕ್ಕಿದ ನಮೂನೆ 10ರ ಪ್ರಮಾಣಪತ್ರ ಬಂದದ್ದೂ ಅವರ ಹೆಸರಿಗೇ. ಈಗ ಅವರ ಮಕ್ಕಳು "ಇದು ನಮ್ಮಪ್ಪನ ಸ್ವಂತದ್ದು" ಎನ್ನುತ್ತಾರೆ. ಗೇಣಿ ಕುಟುಂಬದ್ದಾಗಿದ್ದರೆ ಅಧಿಭೋಗದ ಹಕ್ಕೂ ಇಡೀ ಕುಟುಂಬಕ್ಕೆ ಸೇರುತ್ತದೆ. ಇದನ್ನು ತೋರಿಸಿಕೊಡುವುದು ಹಳೆಯ ಗೇಣಿ ರಸೀದಿ, ನಮೂನೆ 7ರ ನಕಲು, ನ್ಯಾಯಮಂಡಳಿಯ ಮುಂದಿನ ಹೇಳಿಕೆ ಮತ್ತು 1974ರ ಹಿಂದಿನ ಪಹಣಿ. ಜಗಳಕ್ಕೆ ಮೊದಲೇ ದೃಢೀಕೃತ ನಕಲು ತೆಗೆಸಿಟ್ಟುಕೊಳ್ಳುವುದು ಒಳ್ಳೆಯದು, ಹಳೆಯ ಕಡತ ಹುಡುಕುವುದು ವರ್ಷ ಕಳೆದಂತೆ ಕಷ್ಟವಾಗುತ್ತದೆ.

ಇನ್ನು ತೋಟದ ಪಾಲು. ಗದ್ದೆಯಂತೆ ಅಡಕೆ ತೋಟವನ್ನು ಗುಂಟೆ ಲೆಕ್ಕದಲ್ಲೇ ಕೊಯ್ದರೆ ಒಬ್ಬರಿಗೆ ಅನ್ಯಾಯ ಗ್ಯಾರಂಟಿ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 540ರ ಸುಮಾರು ಮರ ಹಿಡಿಸುತ್ತದೆ. ಆದರೆ ಹಳ್ಳದ ಬದಿಯ ಸಾಲು ಕೊಳೆ ಬಂದು ಸೊರಗಿರುತ್ತದೆ, ತೋಟದ ಮೇಲಿನ ಭಾಗದಲ್ಲಿ ಹೊಸದಾಗಿ ನೆಟ್ಟ ಸಸಿ ಫಸಲಿಗೆ ಬರಲು ಇನ್ನೂ ಐದಾರು ವರ್ಷ ಇರುತ್ತದೆ. ಅಳತೆಗೆ ಮೊದಲು ಎಲ್ಲರೂ ಒಟ್ಟಿಗೆ ನಿಂತು ಮರ ಎಣಿಸಬೇಕು: ಫಸಲಿನ ಮರ, ಸಸಿ, ಖಾಲಿ ಗುಣಿ, ಬಳ್ಳಿ ಹಬ್ಬಿದ ಮರ, ಎಲ್ಲವನ್ನೂ ಬೇರೆ ಬೇರೆಯಾಗಿ. ಊರಲ್ಲೇ ಇದ್ದು ತೋಟ ನೋಡಿಕೊಂಡವನು ಸ್ವಂತ ದುಡ್ಡಿನಿಂದ ಎಬ್ಬಿಸಿದ ಭಾಗವಿದ್ದರೆ ಆ ಭಾಗ ಅವನ ಹಿಸ್ಸೆಗೇ ಬರುವಂತೆ ಗೆರೆ ಎಳೆಯುವುದು ನ್ಯಾಯ. ಕೋರ್ಟುಗಳೂ ಹಾಗೆಯೇ ನೋಡುತ್ತವೆ.

ಗೆರೆ ಎಳೆದ ಮೇಲೂ ಮೂರು ಸಂಗತಿ ಪತ್ರದಲ್ಲಿ ಬಿಟ್ಟು ಹೋಗುತ್ತವೆ. ಒಂದು, ನೀರು. ಬಾವಿ, ಬೋರ್ ಬಂದದ್ದು ತಮ್ಮನ ಹಿಸ್ಸೆಗೆ, ಮೀಟರಿನ ಆರ್‌ಆರ್ ನಂಬರ್ ಅಪ್ಪನ ಹೆಸರಲ್ಲಿ, ಪೈಪು ಹಾದು ಹೋಗುವುದು ಅಣ್ಣನ ತೋಟದಲ್ಲಿ. ವಾರಕ್ಕೆ ಯಾರಿಗೆ ಎಷ್ಟು ಗಂಟೆ, ಮೋಟರ್ ಸುಟ್ಟರೆ ಯಾರು ಎಷ್ಟು ಹಾಕಬೇಕು ಎಂದು ಪಾಲುಪತ್ರದಲ್ಲೇ ಬರೆಯದಿದ್ದರೆ ಮೊದಲ ಬೇಸಿಗೆಯಲ್ಲೇ ವಾಲ್ವ್‌ಗೆ ಬೀಗ ಬೀಳುತ್ತದೆ. ಎರಡು, ದಾರಿ. ಕೊಯ್ಲಿನ ಕಾಲದಲ್ಲಿ ಹಸಿ ಅಡಕೆ ಹೊತ್ತ ಪಿಕಪ್ ಹಿಂದಿನ ಹಿಸ್ಸೆಗೆ ಹೋಗಬೇಕಲ್ಲ! ಅಗಲ ಎಷ್ಟು ಅಡಿ ಎಂಬುದು ಚಕ್ಕುಬಂದಿಯ (ನಾಲ್ಕು ದಿಕ್ಕಿನ ಗಡಿಯ ವಿವರ) ಜತೆಗೇ ಇರಬೇಕು. ಮೂರು, ಅಂಗಳ, ಚಪ್ಪರ, ಬೇಯಿಸುವ ಹಂಡೆ-ಒಲೆ, ಸುಲಿಯುವ ಯಂತ್ರ. ಇವು ಒಬ್ಬನಿಗೆ ಹೋದರೆ ಉಳಿದವರಿಗೆ ಅದರ ಬಾಬ್ತು ಹಣ ಸೇರಬೇಕು.

ಸೊಪ್ಪಿನಬೆಟ್ಟವನ್ನು ಸ್ವಂತ ಜಮೀನೆಂಬಂತೆ ಹಂಚಿಕೊಳ್ಳುವುದು ದೊಡ್ಡ ತಪ್ಪು. ಅದು ಸರ್ಕಾರದ್ದು, ತೋಟಕ್ಕೆ ಸೊಪ್ಪು-ದರಗು ತರುವ ಸವಲತ್ತು ಮಾತ್ರ ನಮ್ಮದು. ಸಾರ್ವಜನಿಕ ಬಳಕೆಗೆ ಬಿಟ್ಟ ಬ ಖರಾಬೂ ಹಾಗೆಯೇ, ಹಂಚಲು ಬರುವುದಿಲ್ಲ. ಸಾಗುವಳಿ ಮಾಡಿಕೊಂಡು ಬಂದ ಸರ್ಕಾರಿ ಜಮೀನಿನ, ಅಂದರೆ ಬಗರ್‌ಹುಕುಂ ಸಕ್ರಮಕ್ಕೆ ಅಪ್ಪ ನಮೂನೆ 50, 53 ಅಥವಾ 57ರಲ್ಲಿ ಹಾಕಿದ ಅರ್ಜಿ ಇನ್ನೂ ಬಾಕಿ ಇದ್ದರೆ ಸ್ವೀಕೃತಿಯ ಪ್ರತಿ ಹುಡುಕಿ, ವಾರಸುದಾರರನ್ನು ಅರ್ಜಿದಾರರಾಗಿ ಸೇರಿಸಲು ತಹಶೀಲ್ದಾರರಿಗೆ ಎಲ್ಲರೂ ಒಟ್ಟಾಗಿ ಬರೆದುಕೊಡಿ. ಒಬ್ಬನೇ ಹೋಗಿ ತನ್ನ ಹೆಸರಿಗೆ ಮಾಡಿಸಿಕೊಂಡರೆ ಮುಂದಿನ ತಲೆಮಾರಿಗೆ ವ್ಯಾಜ್ಯ ಸಿದ್ಧ.

ಸರ್ವೆ ನಂಬರಿನ ಒಂದು ಭಾಗ ಮಾತ್ರ ಒಬ್ಬೊಬ್ಬರಿಗೆ ಹೋಗುವುದಾದರೆ ನೋಂದಣಿಗೆ ಮೊದಲು ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಪಹಣಿಯ ವಿಸ್ತೀರ್ಣ ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್ ಜತೆ ತಾಳೆಯಾಗದಿದ್ದರೆ ಅಥವಾ ಮೂಲ ನಂಬರ್ ಪೋಡಿಯಾಗದೆ (ಹಿಸ್ಸೆವಾರು ಬೇರೆಯಾಗದೆ) ಹತ್ತು ಜನರ ಹೆಸರಿದ್ದರೆ ನಕ್ಷೆ ಅಲ್ಲೇ ನಿಲ್ಲುತ್ತದೆ. ಇದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯುವುದರಿಂದ ಮಾತುಕತೆ ನಡೆಯುವಾಗಲೇ ಅರ್ಜಿ ಹಾಕಿಬಿಡಬೇಕು.

ಪಾಲಾಗುವ ತನಕ ಬರುವ ಫಸಲಿನ ಲೆಕ್ಕದಲ್ಲೇ ಮನಸ್ಸು ಹೆಚ್ಚು ಕೆಡುವುದು. ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟರೆ ಕರಾರಿಗೆ ಎಲ್ಲ ವಾರಸುದಾರರ ಸಹಿ ಇರಲಿ. ಸ್ವತಃ ಕೊಯ್ಲು ಮಾಡಿದರೆ ಮಂಡಿಯ ಪಟ್ಟಿ, ಔಷಧಿ ಹೊಡೆದ ಖರ್ಚು, ಅಡಕೆ ಗೊನೆ ಇಳಿಸುವ ಕೊನೆಗಾರರ ಕೂಲಿ, ಗೊಬ್ಬರ, ಸೊಸೈಟಿಯ ಕಂತು ಎಲ್ಲ ಒಂದೇ ಪುಸ್ತಕದಲ್ಲಿರಲಿ. ತೋಟದಲ್ಲಿ ದುಡಿದವನಿಗೆ ತಿಂಗಳಿಗೆ ಇಷ್ಟು ಎಂದು ಸಂಬಳ ಕಟ್ಟಿ, ಅದನ್ನು ಕಳೆದು ಉಳಿದದ್ದನ್ನು ಹಂಚಿ. ಬೆಂಗಳೂರಿನಲ್ಲಿರುವವರು ಇದಕ್ಕೆ ಮುಖ ಸಿಂಡರಿಸಬಾರದು, ಆ ದುಡಿಮೆ ಇಲ್ಲದಿದ್ದರೆ ಹಂಚಲು ತೋಟವೇ ಇರುತ್ತಿರಲಿಲ್ಲ. ಹಾಗೆಯೇ ಲೆಕ್ಕ ಕೊಡದೆ ಉಂಡವನಿಂದ ಆ ವರ್ಷಗಳ ಉತ್ಪನ್ನದ ಪಾಲನ್ನು ಕೋರ್ಟ್ ವಸೂಲಿ ಮಾಡಿಸಬಹುದು. ಬ್ಯಾಂಕಿನ ಠೇವಣಿಗೆ ನಾಮಿನಿ ಆದವನು ಹಣ ಪಡೆಯಲು ಮಾತ್ರ ಅರ್ಹ, ಅದರ ಒಡೆಯನಲ್ಲ.

ಯಾರಾದರೂ ತಮ್ಮ ಹಿಸ್ಸೆ ಹೊರಗಿನವರಿಗೆ ಮಾರಲು ಹೊರಟರೆ, ಅಪ್ಪನಿಂದ ಒಟ್ಟಿಗೆ ವಾರಸಾಗಿ ಬಂದ ಆಸ್ತಿಯಲ್ಲಿ ಮೊದಲು ಕೊಳ್ಳುವ ಹಕ್ಕು ಉಳಿದ ವಾರಸುದಾರರಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂನಲ್ಲಿದೆ. ಕೃಷಿ ಭೂಮಿಗೂ ಇದು ಅನ್ವಯವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದಾವೆಗೇ ಹೋದರೆ ಪ್ರಾಥಮಿಕ ಡಿಕ್ರಿಗೆ ಕೆಲಸ ಮುಗಿಯುವುದಿಲ್ಲ. ಅದು ಹಿಸ್ಸೆ ಎಷ್ಟೆಂದು ಹೇಳುತ್ತದೆಯೇ ಹೊರತು ಯಾವ ಮರ ಯಾರದ್ದೆಂದು ಹೇಳುವುದಿಲ್ಲ. ಕಂದಾಯದ ಜಮೀನನ್ನು ವಿಂಗಡಿಸಲು ಮತ್ತೆ ಭೂಮಾಪಕರು ಅದೇ ತೋಟಕ್ಕೇ ಬರಬೇಕು. ರಾಜಿಗೆ ಅವಕಾಶವಿದ್ದರೆ ಲೋಕ ಅದಾಲತ್ ಲೇಸು. ಅಲ್ಲಿನ ಆದೇಶಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಸಿಗುತ್ತದೆ.

ಕಂದಾಯ ಇಲಾಖೆಗೆ ಒಂದು ಬೇಡಿಕೆ. ಪೌತಿಯ ನೋಟಿಸನ್ನು ಚಾವಡಿಯ ಗೋಡೆಗೆ ಅಂಟಿಸಿದರೆ ಶಿರಸಿಗೋ ಕೊಪ್ಪಕ್ಕೋ ಮದುವೆಯಾಗಿ ಹೋದ ಮಗಳ ಕಣ್ಣಿಗೆ ಅದು ಬೀಳುವುದಿಲ್ಲ. ವಂಶವೃಕ್ಷದ ಅರ್ಜಿಯಲ್ಲೇ ಪ್ರತಿ ವಾರಸುದಾರರ ಈಗಿನ ವಿಳಾಸ, ಮೊಬೈಲ್ ನಂಬರ್ ಕಡ್ಡಾಯ ಮಾಡಿ, ನೋಟಿಸ್ ಅವರ ಕೈಗೇ ಮುಟ್ಟಿದ ದಾಖಲೆ ಕಡತದಲ್ಲಿ ಇಲ್ಲದಿದ್ದರೆ ಖಾತೆ ಬದಲಾವಣೆಗೆ ಸಹಿ ಹಾಕಬಾರದು.

— ನಿವೃತ್ತ ಭೂಮಾಪಕ, ಸಾಗರ ತಾಲೂಕು