ಮಗಳಿಗೊಂದು ಪತ್ರ: ರಕ್ತದ ರಿಪೋರ್ಟು, ಚೊಗರಿನ ಕಲೆ

ಶಿವಮೊಗ್ಗ

ಪ್ರೀತಿಯ ಪುಟ್ಟಿಗೆ,

ರಿಪೋರ್ಟಿನ ಫೋಟೊ ನೋಡಿದೆ. ಹಿಮೋಗ್ಲೋಬಿನ್ 9.4, ಪಕ್ಕದಲ್ಲಿ ಕೆಳಮುಖದ ಬಾಣ. ಅದೊಂದೇ ಸಾಲು ಓದಿ ‘ಮೈಯಲ್ಲಿ ರಕ್ತವೇ ಇಲ್ಲ’ ಅಂತ ಮನೆಯಲ್ಲಿ ಬೀಟ್‌ರೂಟ್ ರಾಶಿ ಹಾಕಿದ್ದಾರಂತೆ. ಬೀಟ್‌ರೂಟಿನ ಬಣ್ಣಕ್ಕೂ ರಕ್ತಕ್ಕೂ ನಂಟಿಲ್ಲ ಮಾರಾಯ್ತಿ. 100 ಗ್ರಾಂನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಸಿಗದು. ತಿನ್ನು, ಆದರೆ ಅದನ್ನೇ ನಂಬಿ ಕೂರಬೇಡ. ಬಾಣದ ಕೆಳಗೆ ಇನ್ನೂ ಹತ್ತು ಸಾಲು ಇವೆ. ಕಾರಣ ಹೇಳುವುದು ಅವು.

ಬಸುರಿನಲ್ಲಿ ಹಿಮೋಗ್ಲೋಬಿನ್ ಸ್ವಲ್ಪ ಇಳಿಯುವುದು ಸಹಜ. ರಕ್ತದ ನೀರಿನಂಶ ಶೇ 40ರಿಂದ 50ರಷ್ಟು ಏರುತ್ತದೆ, ಕೆಂಪು ಕಣ ಏರುವುದು ಶೇ 20ರಿಂದ 30 ಮಾತ್ರ. ನೆಂಟರು ಬಂದರೆಂದು ಇದ್ದ ಸಾರಿಗೇ ಒಂದು ಚೊಂಬು ನೀರು ಹೊಯ್ದ ಹಾಗೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಮತ್ತು ಕೊನೆಯ ಮೂರು ತಿಂಗಳಿಗೆ 11, ನಡುವಿನ ಮೂರು ತಿಂಗಳಿಗೆ 10.5 ಗ್ರಾಂ ಅಂತ ಗೆರೆ ಎಳೆದಿದೆ. ನಮ್ಮ ಆರೋಗ್ಯ ಇಲಾಖೆಯ ಲೆಕ್ಕದಲ್ಲಿ 10ರಿಂದ 10.9 ಅಲ್ಪ, 7ರಿಂದ 9.9 ಮಧ್ಯಮ, 7ಕ್ಕಿಂತ ಕೆಳಗೆ ತೀವ್ರ. ನಿನಗೀಗ 22 ವಾರ. ನೀರಿನ ಲೆಕ್ಕ ಬಿಟ್ಟರೂ 9.4 ಕಡಿಮೆಯೇ.

ಹೋದ ತಿಂಗಳು ಉಪಕೇಂದ್ರದಲ್ಲಿ 10.2 ಇತ್ತು, ಈಗ ಕುಸಿದಿದೆ ಅಂತ ಗಾಬರಿಯಾದೆಯಲ್ಲ, ಅದು ಕುಸಿತ ಆಗಿರಲೇಬೇಕೆಂದಿಲ್ಲ. ಅಲ್ಲಿ ಬೆರಳು ಚುಚ್ಚಿ ತೆಗೆದದ್ದು, ಇಲ್ಲಿ ತೋಳಿನ ರಕ್ತನಾಳದಿಂದ. ಬೆರಳು ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಸೇರಿ ಲೆಕ್ಕ ಅತ್ತಿತ್ತ ಆಗುತ್ತದೆ. ಏರಿಳಿತ ನೋಡಬೇಕಾದರೆ ಒಂದೇ ಲ್ಯಾಬು, ಒಂದೇ ಬಗೆಯ ಪರೀಕ್ಷೆ ಇರಲಿ.

ಈಗ ಎಂಸಿವಿ ಸಾಲಿಗೆ ಬಾ. ಕೆಂಪು ಕಣದ ಗಾತ್ರ ಅದು. 80ರಿಂದ 100 ಇರಬೇಕು, ನಿನ್ನದು 71. ಎಂಸಿಎಚ್, ಅಂದರೆ ಒಂದು ಕಣದೊಳಗಿನ ಹಿಮೋಗ್ಲೋಬಿನ್, 27ರ ಮೇಲಿರಬೇಕಾದ್ದು 22.9. ಕಣ ಸಣ್ಣದು, ಪೇಲವ. ಹೀಗಾಗಲು ನಮ್ಮಲ್ಲಿ ದೊಡ್ಡ ಕಾರಣ ಎರಡು: ಕಬ್ಬಿಣದ ಕೊರತೆ, ಇಲ್ಲವೇ ಹುಟ್ಟಿನಿಂದ ಬಂದ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ವಂಶದ ಕಾಯಿಲೆ) ವಾಹಕತನ. ಎಂಸಿವಿಯನ್ನು ಕೆಂಪು ಕಣದ ಎಣಿಕೆಯಿಂದ ಭಾಗಿಸು: 71 ಭಾಗಿಸು 4.1, ಸುಮಾರು 17. 13ಕ್ಕಿಂತ ಹೆಚ್ಚು ಬಂದರೆ ಕಬ್ಬಿಣದ ಕಡೆ, ಕಡಿಮೆ ಬಂದರೆ ಥಲಸ್ಸೀಮಿಯಾ ಕಡೆ ಬೆರಳು. ಕಣಗಳ ಗಾತ್ರದಲ್ಲಿ ಎಷ್ಟು ಏರುಪೇರಿದೆ ಎಂದು ಹೇಳುವ ಆರ್‌ಡಿಡಬ್ಲ್ಯು ನಿನಗೆ 17.8, ಅದೂ ಕಬ್ಬಿಣದ ಪರವೇ. ಆದರೆ ಇವೆಲ್ಲ ಸುಳಿವು, ತೀರ್ಪಲ್ಲ. ಫೆರಿಟಿನ್ ಪರೀಕ್ಷೆ ಕೇಳು. 30ಕ್ಕಿಂತ ಕಡಿಮೆ ಬಂದರೆ ಕಬ್ಬಿಣದ ಕಣಜ ಬರಿದಾಗಿದೆ ಎಂದೇ ಅರ್ಥ. ಜ್ವರ, ಸೋಂಕು ಇದ್ದಾಗ ಮಾತ್ರ ಮಾಡಿಸಬೇಡ, ಆಗ ಫೆರಿಟಿನ್ ಸುಳ್ಳೇ ಏರುತ್ತದೆ. ಥಲಸ್ಸೀಮಿಯಾಗೆ ಎಚ್‌ಪಿಎಲ್‌ಸಿ ಪರೀಕ್ಷೆಯಿದೆ. ಒಮ್ಮೆ ಅದನ್ನೂ ಮಾಡಿಸಿಬಿಡು. ನೀನು ವಾಹಕಿ ಅಂತ ಬಂದರೆ ತಡಮಾಡದೆ ಅಳಿಯಂದಿರದ್ದೂ ಆಗಬೇಕು. ಇಬ್ಬರೂ ವಾಹಕರಾದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು.

ಬಿ12 ಕೊರತೆಯಲ್ಲಿ ಕಣ ದೊಡ್ಡದಾಗುತ್ತದೆ. ಎರಡೂ ಕೊರತೆ ಕೂಡಿದರೆ ಎಂಸಿವಿ ಸರಿಯಿರುವಂತೆ ಕಾಣಿಸಿ ಮೋಸ ಮಾಡುವುದುಂಟು. ಮೀನು, ಮೊಟ್ಟೆ ಮುಟ್ಟದ ಮನೆಯವಳು ನೀನು, ಅದನ್ನೂ ಡಾಕ್ಟರ ಕಿವಿಗೆ ಹಾಕು. ಬರೀ ಫೋಲಿಕ್ ಆಮ್ಲದಿಂದ ರಕ್ತ ಸರಿಹೋದಂತೆ ಕಂಡರೂ ಬಿ12 ಇಲ್ಲದೆ ನರಕ್ಕೆ ಆಗುವ ಹಾನಿ ಒಳಗೇ ಮುಂದುವರಿಯುತ್ತದೆ.

ಬಿಳಿ ಕಣ 11,800 ಅಂತ ಮೇಲ್ಮುಖದ ಬಾಣ ಇದೆ. ಬಸುರಿಯರಲ್ಲಿ ಅಷ್ಟು ಸಾಮಾನ್ಯ, ಬಿಡು. ಆದರೆ ಅದರೊಳಗೆ ಇಯೋಸಿನೋಫಿಲ್ ಶೇ 9 ಇದೆ, ಅದು ನನ್ನ ಕಣ್ಣಿಗೆ ಬಿತ್ತು. ಅಲರ್ಜಿ ಇರಬಹುದು, ಕೊಕ್ಕೆಹುಳುವೂ ಇರಬಹುದು. ಅಡಿಕೆ ತೋಟದ ಒದ್ದೆ, ನೆರಳು ಮಣ್ಣಿನಲ್ಲಿ ಇದರ ಮರಿ ಸುಖವಾಗಿ ಬದುಕುತ್ತದೆ. ಬರಿಗಾಲಿನ ಚರ್ಮ ಕೊರೆದು ಒಳಗೆ ಬಂದು, ಸಣ್ಣ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಹುಳು ಒಳಗಿದ್ದರೆ ನುಂಗಿದ ಕಬ್ಬಿಣವೆಲ್ಲ ಅದರ ಪಾಲು. ಮೊದಲ ಮೂರು ತಿಂಗಳು ಕಳೆದ ಮೇಲೆ ಅಲ್ಬೆಂಡಜೋಲ್ 400 ಮಿಲಿಗ್ರಾಂ ಒಂದು ಮಾತ್ರೆ ಸರ್ಕಾರಿ ಕ್ರಮದಲ್ಲೇ ಇದೆ. ಕೊಟ್ಟಿದ್ದಾರಾ ಅಂತ ತಾಯಿ ಕಾರ್ಡು ನೋಡು. ಹಿತ್ತಲಿಗೂ ಚಪ್ಪಲಿ ಹಾಕಿಕೊಂಡೇ ಹೋಗು.

ಪ್ಲೇಟ್ಲೆಟ್ 1.38 ಲಕ್ಷ. ಕೊನೆಯ ತಿಂಗಳುಗಳತ್ತ ಹೋದಂತೆ ಹಲವರಿಗೆ 1.5ರಿಂದ ಸ್ವಲ್ಪ ಇಳಿದು, ಹೆರಿಗೆಯಾದ ಮೇಲೆ ತಾನೇ ಸರಿಹೋಗುತ್ತದೆ. ಕೆಲವರ ರಕ್ತದಲ್ಲಿ ನೇರಳೆ ಮುಚ್ಚಳದ ನಳಿಕೆಯ ಔಷಧಕ್ಕೆ ಪ್ಲೇಟ್ಲೆಟ್ ಗಂಟುಗಟ್ಟಿ ಯಂತ್ರ ಕಡಿಮೆ ಎಣಿಸುವುದೂ ಇದೆ. ಸ್ಲೈಡಿನಲ್ಲಿ ನೋಡಿದರೆ ಗೊತ್ತಾಗುತ್ತದೆ. 1 ಲಕ್ಷಕ್ಕಿಂತ ಇಳಿದರೆ ಮಾತ್ರ ಕಾರಣ ಹುಡುಕಲೇಬೇಕು. ಇದಕ್ಕೆರಡು ಅಪವಾದ. ಬಿಪಿ ಏರಿ, ತಲೆಸಿಡಿತ, ಕಣ್ಣುಮಂಜು, ಬಲಪಕ್ಕೆಯ ಕೆಳಗೆ ನೋವು ಇದ್ದರೆ ಅದೇ ಹೊತ್ತಿಗೆ ಆಸ್ಪತ್ರೆ. ಮತ್ತೆ ಜ್ವರ. ನಮ್ಮ ಸೀಮೆಯಲ್ಲಿ ಡೆಂಗಿ, ಇಲಿಜ್ವರ ಸಾಲದೆಂದು ಕಾಡಿನ ಉಣುಗು ಕಚ್ಚಿ ಬರುವ ಮಂಗನಕಾಯಿಲೆಯೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. ಬಿಳಿ ಕಣ, ಪ್ಲೇಟ್ಲೆಟ್ ಎರಡನ್ನೂ ಇಳಿಸುತ್ತದೆ. ಡಿಸೆಂಬರಿನಿಂದ ಮೇವರೆಗೆ ದರಕು ತರಲು, ಸೊಪ್ಪು ಕಡಿಯಲು ಕಾಡಿಗೆ ಹೋಗಲೇಬೇಡ. ಜ್ವರ ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗದೆ ಡಾಕ್ಟರ ಹತ್ತಿರ ಹೋಗು.

ಇನ್ನು ಮಾತ್ರೆ. ಸರ್ಕಾರದ ಕೆಂಪು ಮಾತ್ರೆಯಲ್ಲಿ ಕಬ್ಬಿಣ 60 ಮಿಲಿಗ್ರಾಂ, ಫೋಲಿಕ್ ಆಮ್ಲ 500 ಮೈಕ್ರೋಗ್ರಾಂ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆತ್ತ ಮೇಲೆ ಮತ್ತೆ 180 ದಿನ. ರಕ್ತ ಕಡಿಮೆಯಿದ್ದರೆ ದಿನಕ್ಕೆ ಎರಡು. ನಿನಗೆ ಎಷ್ಟು ಅಂತ ಡಾಕ್ಟರೇ ಹೇಳಲಿ. ‘ತಗೋತಿದ್ದೀನಮ್ಮಾ’ ಅಂದೆ. ಯಾವಾಗ ಅಂತ ಕೇಳಿದರೆ ಬೆಳಗಿನ ಕಾಫಿ ಜೊತೆ! ಕೆಂಪಡಿಕೆ ಬೇಯಿಸಿದ ಹಂಡೆಯ ಚೊಗರು ಸೀರೆಗೆ ಬಿದ್ದರೆ ಜನ್ಮಕ್ಕೂ ಹೋಗದಲ್ಲ, ಆ ಚೊಗರಿನಲ್ಲಿರುವುದು ಟ್ಯಾನಿನ್. ಕಾಫಿ, ಚಹಾದಲ್ಲಿ ಇರುವುದೂ ಅದರ ದಾಯಾದಿಗಳೇ. ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡುತ್ತವೆ. ಊಟದ ಮೇಲಿನ ಕವಳದ್ದೂ ಅದೇ ಕಥೆ. ಬಾಣಂತನ ಮುಗಿಯುವವರೆಗೆ ಅಡಿಕೆ ಮುಟ್ಟಬೇಡ, ಕಾಫಿ ಮಾತ್ರೆಯಿಂದ ಎರಡು ಗಂಟೆ ದೂರ. ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೇ ದೂರ, ಒಟ್ಟಿಗೆ ನುಂಗಿದರೆ ಕಬ್ಬಿಣ ಹಿಂದೆ ಬೀಳುತ್ತದೆ. ದಿನಾ ಗ್ಯಾಸಿನ ಮಾತ್ರೆ ತಗೊಂಡರೂ ಹೀರಿಕೆ ಕಡಿಮೆ. ಊಟಕ್ಕೆ ಒಂದು ಗಂಟೆ ಮೊದಲು, ನಿಂಬೆ ಪಾನಕದ ಜೊತೆ ತಗೊಳ್ಳುವುದು ಒಳ್ಳೆಯದು. ಓಕರಿಕೆ ತಡೆಯದಿದ್ದರೆ ರಾತ್ರಿ ಊಟವಾದ ಮೇಲೆ. ಪೂರಾ ಬಿಡುವುದಕ್ಕಿಂತ ಅದು ವಾಸಿ. ಮಲ ಕಪ್ಪಾಗುತ್ತದೆ, ಹೆದರಬೇಡ.

ಊಟದಲ್ಲಿ ಹುರುಳಿ ಸಾರು, ರಾಗಿ, ಹೆಸರುಕಾಳು, ಸೊಪ್ಪು ಇರಲಿ, ಜೊತೆಗೆ ಹಸಿ ನೆಲ್ಲಿಕಾಯಿಯೋ ನಿಂಬೆಯೋ. ಒಂದೆಲಗದ ತಂಬುಳಿ ರುಚಿಗೆ ಮಾಡಿಕೋ, ಔಷಧ ಅಂತಲ್ಲ. ಬಸುರು, ಹೆರಿಗೆ ಪೂರ್ತಿಗೆ ಬೇಕಾಗುವ ಕಬ್ಬಿಣ ಸುಮಾರು 1,000 ಮಿಲಿಗ್ರಾಂ. ತಟ್ಟೆಯೊಂದರಿಂದ ಅಷ್ಟು ತುಂಬುವುದಿಲ್ಲ.

ಒಂದು ತಿಂಗಳು ಸರಿಯಾಗಿ ನುಂಗಿ ಮತ್ತೆ ಪರೀಕ್ಷೆ ಮಾಡಿಸು. ಕನಿಷ್ಠ 1 ಗ್ರಾಂ ಏರಬೇಕು. ಏರದಿದ್ದರೆ ರಕ್ತನಾಳಕ್ಕೇ ನೇರವಾಗಿ ಹಾಕುವ ಕಬ್ಬಿಣದ ಮಾತು ಬರುತ್ತದೆ. ಬಸುರಿಗೆ ಮೊದಲಿನ ನಿನ್ನ ತೂಕ 52 ಕಿಲೊ. 11 ಮುಟ್ಟಲು ಇರುವ ಕೊರತೆ 1.6. ತೂಕ 52, ಕೊರತೆ 1.6, ಡಾಕ್ಟರರ ಸೂತ್ರದ 2.4, ಈ ಮೂರನ್ನೂ ಗುಣಿಸಿ, ಕಣಜಕ್ಕೆಂದು 500 ಕೂಡಿಸಿದರೆ ಸುಮಾರು 700 ಮಿಲಿಗ್ರಾಂ. ಐರನ್ ಸುಕ್ರೋಸ್ ಆದರೆ ಒಮ್ಮೆಗೆ 200ರಂತೆ ದಿನ ಬಿಟ್ಟು ದಿನ ನಾಲ್ಕು ಸಲ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಒಂದೇ ಸಲಕ್ಕೆ ಮುಗಿಯುತ್ತದೆ. ಅಪರೂಪಕ್ಕೆ ಅಲರ್ಜಿ ಆಗುವುದರಿಂದ ಆಸ್ಪತ್ರೆಯಲ್ಲೇ ಹಾಕಿಸಿಕೊಂಡು ಅರ್ಧ ಗಂಟೆ ಕೂತು ಬರಬೇಕು, ಮನೆಗೆ ಬಂದು ಹಾಕುವವರಿಂದ ಬೇಡ.

ಕೂತಲ್ಲೇ ಏದುಸಿರು, ಎದೆ ಡವಡವ, ತಲೆಸುತ್ತಿ ಬೀಳುವುದು, ರಕ್ತ ಹೋಗುವುದು, ಇವಿದ್ದರೆ ತಿಂಗಳು ಕಾಯುವ ಮಾತಿಲ್ಲ, 108ಕ್ಕೆ ಫೋನ್ ಮಾಡು. ನಿಮ್ಮ ಘಟ್ಟದ ದಾರಿಗೆ ಮಳೆಗಾಲದಲ್ಲಿ ಮರ ಬಿದ್ದರೆ ಅರ್ಧ ದಿನ ಹೋಯಿತು. ಹೆರಿಗೆ ಹೊತ್ತಿಗೂ ರಕ್ತ ಕಡಿಮೆಯೇ ಇದ್ದರೆ ರಕ್ತನಿಧಿ ಇರುವ ಕಡೆಯೇ ಹೆರಿಗೆಯಾಗಬೇಕು, ದಿನ ತುಂಬುವ ಮೊದಲೇ ಇಲ್ಲಿಗೆ ಬಾ.

ಫೆರಿಟಿನ್ ಬಂದ ದಿನ ಫೋಟೊ ಕಳಿಸು. ಬಾಣ ಇರುವ ಸಾಲು ಮಾತ್ರ ಕತ್ತರಿಸಿ ಕಳಿಸಬೇಡ, ಇಡೀ ಹಾಳೆ ಬೇಕು.

ನಿನ್ನ
ಅಮ್ಮ